ತಕ್ಕಡಿಯ ತೂಕ ಸರಿಯೇ? ನೀವೇ ಪರೀಕ್ಷಿಸಿ!

ಮಕ್ಕಳೇ, ನೀವು ಅಪ್ಪ ಅಮ್ಮನ ಜೊತೆ ಸಂತೆಗೆ ಹೋಗಿರುತ್ತೀರಿ ಅಲ್ಲವೇ? ಈರುಳ್ಳಿ, ಟೊಮೆಟೊ ಕೊಳ್ಳುವಾಗ ಕೆಲವು ವ್ಯಾಪಾರಿಗಳು ಮೊದಲು ಖಾಲಿ ತಕ್ಕಡಿಯನ್ನು ಎತ್ತಿ ತೋರಿಸುತ್ತಾರೆ. ಅದರ ದಂಡ ಸಮವಾಗಿ ನಿಂತರೆ ‘ತಕ್ಕಡಿ ಸರಿಯಾಗಿದೆ’ ಎಂದು ನಾವು ನಂಬುತ್ತೇವೆ. ಆದರೆ ಖಾಲಿ ಇದ್ದಾಗ ಸಮವಾಗಿ ನಿಂತ ತಕ್ಕಡಿ ತೂಗುವಾಗಲೂ ಸರಿಯಾಗಿಯೇ ತೂಗುತ್ತದೆಯೇ? ಬನ್ನಿ, ಒಂದು ಪುಟ್ಟ ತಕ್ಕಡಿಯನ್ನು ಮಾಡಿ ನೋಡೋಣ.

ಬೇಕಾಗುವ ಸಾಮಗ್ರಿಗಳು

32 ಸೆಂ.ಮೀ. ಉದ್ದದ ನೇರವಾದ ಬಿದಿರಿನ ಸೀಳು, ದಾರ, ಒಂದೇ ಅಳತೆಯ ಎರಡು ಕಾಗದದ ಲೋಟಗಳು, ಜೇಡಿಮಣ್ಣು, ಮರಳು, ಅಳತೆಪಟ್ಟಿ, ಒಂದು ಚಿಕ್ಕ ಆಲೂಗಡ್ಡೆ ಮತ್ತು ಒಂದೇ ಬಗೆಯ ನಾಣ್ಯಗಳು (15 ಅಥವಾ ಹೆಚ್ಚು). ಒಂದು ರೂಪಾಯಿಯ ಹಳೆಯ ಮತ್ತು ಹೊಸ ನಾಣ್ಯಗಳ ತೂಕ ಬೇರೆ ಬೇರೆ. ಆದ್ದರಿಂದ ಎಲ್ಲ ನಾಣ್ಯಗಳೂ ಒಂದೇ ಗಾತ್ರದವಾಗಿರಲಿ.

ಚಟುವಟಿಕೆ 1: ಸಮತೋಲದ ಲೆಕ್ಕ

ಬಿದಿರಿನ ಸೀಳಿನ ಎಡತುದಿಯಲ್ಲಿ 1 ಸೆಂ.ಮೀ. ಬಿಟ್ಟು 0 ಎಂದು ಗುರುತು ಮಾಡಿ. ಅಲ್ಲಿಂದ 30 ಸೆಂ.ಮೀ.ವರೆಗೆ ಗುರುತು ಹಾಕಿ. 15ನೇ ಗುರುತಿಗೆ ದಾರ ಬಿಗಿದು ತೂಗುಹಾಕಿ. ಸೀಳು ಒಂದು ಕಡೆಗೆ ವಾಲಿದರೆ ಮೇಲೆದ್ದ ತುದಿಗೆ ಸ್ವಲ್ಪ ಜೇಡಿಮಣ್ಣು ಅಂಟಿಸಿ ಸಮ ಮಾಡಿ. ದಾರ ಕಟ್ಟಿದ ಜಾಗವೇ ಆನಿಕೆ. ಅದರ ಎರಡೂ ಕಡೆಯ ಭಾಗಗಳು ಭುಜಗಳು.

ಈಗ 3 ನಾಣ್ಯಗಳನ್ನು ಕಾಗದದಲ್ಲಿ ಸುತ್ತಿ, ಆನಿಕೆಯಿಂದ ಎಡಕ್ಕೆ 8 ಸೆಂ.ಮೀ. ದೂರದಲ್ಲಿ ದಾರದಿಂದ ತೂಗುಹಾಕಿ. ಹಾಗೆಯೇ 4 ನಾಣ್ಯಗಳನ್ನು ಬಲಗಡೆ ತೂಗುಹಾಕಿ, ಹಿಂದೆ ಮುಂದೆ ಸರಿಸಿ. ಎಲ್ಲಿ ಸಮವಾಯಿತು? 6 ಸೆಂ.ಮೀ. ದೂರದಲ್ಲಿ ಅಲ್ಲವೇ?

ಎಡಗಡೆ: 3 × 8 = 24
ಬಲಗಡೆ: 4 × 6 = 24

ತೂಕವನ್ನೂ ಆನಿಕೆಯಿಂದ ಇರುವ ದೂರವನ್ನೂ ಗುಣಿಸಿದಾಗ ಬರುವ ಗುಣಲಬ್ಧ ಎರಡೂ ಕಡೆ ಒಂದೇ ಆದರೆ ದಂಡ ಸಮವಾಗಿ ನಿಲ್ಲುತ್ತದೆ. ಇದೇ ಸನ್ನೆಯ ನಿಯಮ. ತಕ್ಕಡಿಯೂ ಒಂದು ಸನ್ನೆಯೇ.

ಚಟುವಟಿಕೆ 2: ಎಂಟು ಏಳಕ್ಕೆ ಸಮ!

ನಾಣ್ಯಗಳ ಪೊಟ್ಟಣಗಳನ್ನೂ ಮೊದಲು ಅಂಟಿಸಿದ ಮಣ್ಣನ್ನೂ ತೆಗೆಯಿರಿ. 0 ಮತ್ತು 30ನೇ ಗುರುತುಗಳಿಗೆ ಒಂದೊಂದು ಲೋಟವನ್ನು ದಾರದಿಂದ ಕಟ್ಟಿ. ಮಧ್ಯದ ದಾರವನ್ನು 15ರಿಂದ 14ನೇ ಗುರುತಿಗೆ ಸರಿಸಿ. ಈಗ ಎಡಭುಜ 14 ಸೆಂ.ಮೀ., ಬಲಭುಜ 16 ಸೆಂ.ಮೀ. ದಂಡ ಬಲಕ್ಕೆ ವಾಲುತ್ತದೆ. ಎಡತುದಿಗೆ ಜೇಡಿಮಣ್ಣು ಅಂಟಿಸಿ ಸಮ ಮಾಡಿ. ಖಾಲಿ ತಕ್ಕಡಿ ಸಮವಾಗಿ ನಿಂತಿದೆ. ನೋಡಿದವರು ಇದು ಸರಿಯಾದ ತಕ್ಕಡಿ ಎಂದೇ ತಿಳಿಯುತ್ತಾರೆ.

ಈಗ ಎಡ ಲೋಟದಲ್ಲಿ 8 ನಾಣ್ಯ, ಬಲ ಲೋಟದಲ್ಲಿ 7 ನಾಣ್ಯ ಹಾಕಿ. ಏನಾಯಿತು? ತಕ್ಕಡಿ ಸಮವಾಗಿ ನಿಂತಿತು! ಏಕೆಂದರೆ 8 × 14 = 112, 7 × 16 = 112.

ನಾಣ್ಯಗಳನ್ನು ಅದಲುಬದಲು ಮಾಡಿ. ಎಡಗಡೆ 7, ಬಲಗಡೆ 8 ಹಾಕಿ. ಈಗ ಎಡಗಡೆ 7 × 14 = 98, ಬಲಗಡೆ 8 × 16 = 128. ತಕ್ಕಡಿ ಬಲಕ್ಕೆ ವಾಲಿ ತನ್ನ ಗುಟ್ಟನ್ನು ತಾನೇ ಹೇಳಿಬಿಟ್ಟಿತು!

ಸಂತೆಯಲ್ಲೂ ಇದೇ ಪರೀಕ್ಷೆ ಮಾಡಬಹುದು. ತೂಗಿದ ಮೇಲೆ ಬಟ್ಟುಗಳನ್ನೂ ಸಾಮಾನನ್ನೂ ತಟ್ಟೆ ಬದಲಿಸಿ ಇಡಲು ಹೇಳಿ. ಆಗಲೂ ಸಮವಾಗಿ ನಿಂತರೆ ಎರಡು ಭುಜಗಳೂ ಸಮ.

ನಷ್ಟ ಎಷ್ಟು?

ಇಂಥ ತಕ್ಕಡಿಯಲ್ಲಿ ಚಿಕ್ಕ ಭುಜದ ಕಡೆ 1 ಕಿ.ಗ್ರಾಂ. ಬಟ್ಟು ಇಟ್ಟು, ಉದ್ದ ಭುಜದ ಕಡೆ ಈರುಳ್ಳಿ ತೂಗಿದರೆ ನಿಮಗೆ ಸಿಗುವುದು 1000 × 14 ÷ 16 = 875 ಗ್ರಾಂ. ಅಂದರೆ 125 ಗ್ರಾಂ ಕಡಿಮೆ.

ಬೆಳೆ ಮಾರುವ ರೈತರಿಗೂ ಇದೇ ತಕ್ಕಡಿಯಿಂದ ನಷ್ಟವಾಗಬಹುದು. ಆಗ ಬಟ್ಟು ಉದ್ದ ಭುಜದ ಕಡೆ, ಬೆಳೆ ಚಿಕ್ಕ ಭುಜದ ಕಡೆ ಇರುತ್ತದೆ. ರೈತರು 80 ಕಿ.ಗ್ರಾಂ. ಮೆಣಸಿನಕಾಯಿ ತಂದರೆ ಲೆಕ್ಕಕ್ಕೆ ಬರುವುದು 70 ಕಿ.ಗ್ರಾಂ. ಮಾತ್ರ. ಕಿಲೋಗೆ 150 ರೂಪಾಯಿ ಎಂದುಕೊಂಡರೆ 1500 ರೂಪಾಯಿ ಹೋಯಿತು. ವರ್ಷವೆಲ್ಲ ದುಡಿದವರಿಗೆ ಇದು ಸಣ್ಣ ಮೊತ್ತವೇ?

ಹಾಗೆಂದು ತಕ್ಕಡಿ ತಪ್ಪಿದ್ದರೆ ವ್ಯಾಪಾರಿ ಮೋಸಗಾರರೆಂದು ತಿಳಿಯಬೇಡಿ. ದಂಡ ಬಾಗಿ ಅಥವಾ ಕೊಂಡಿ ಸವೆದು ಕೂಡ ಹೀಗಾಗಬಹುದು. ಅದು ಅವರಿಗೂ ಗೊತ್ತಿಲ್ಲದೆ ಇರಬಹುದು.

ಚಟುವಟಿಕೆ 3: ತಪ್ಪು ತಕ್ಕಡಿಯಲ್ಲಿ ಸರಿಯಾದ ತೂಕ

ಆನಿಕೆ 14ರಲ್ಲೇ ಇರಲಿ. ಬಲ ಲೋಟದಲ್ಲಿ ಆಲೂಗಡ್ಡೆ ಇಡಿ. ಎಡ ಲೋಟಕ್ಕೆ ಮರಳು ಸುರಿದು ಸಮ ಮಾಡಿ. ಈಗ ಮರಳನ್ನು ಮುಟ್ಟದೆ ಆಲೂಗಡ್ಡೆಯನ್ನು ಮಾತ್ರ ತೆಗೆದು, ಅದೇ ಲೋಟದಲ್ಲಿ ಮತ್ತೆ ಸಮವಾಗುವವರೆಗೆ ನಾಣ್ಯಗಳನ್ನು ಹಾಕಿ. ಅಷ್ಟು ನಾಣ್ಯಗಳ ತೂಕವೇ ಆಲೂಗಡ್ಡೆಯ ತೂಕ.

ತಪ್ಪು ತಕ್ಕಡಿ ಸರಿಯಾದ ಉತ್ತರ ಕೊಟ್ಟಿದ್ದು ಹೇಗೆ? ಆಲೂಗಡ್ಡೆ ಮತ್ತು ನಾಣ್ಯಗಳು ಎರಡೂ ಒಂದೇ ಭುಜದಲ್ಲಿ, ಒಂದೇ ದೂರದಲ್ಲಿ ಇದ್ದವು. ಎರಡೂ ಅದೇ ಮರಳನ್ನು ಸರಿದೂಗಿಸಿದವು. ಹಾಗಾಗಿ ಭುಜಗಳ ವ್ಯತ್ಯಾಸ ಲೆಕ್ಕಕ್ಕೇ ಬರಲಿಲ್ಲ. ಇದಕ್ಕೆ ಫ್ರಾನ್ಸಿನ ವಿಜ್ಞಾನಿ ಬೋರ್ಡಾ (1733–1799) ಅವರ ಹೆಸರಿನಿಂದ ‘ಬೋರ್ಡಾ ವಿಧಾನ’ ಎನ್ನುತ್ತಾರೆ.

ನಿಮಗೆ ಗೊತ್ತೇ?

* ಬಟ್ಟೇ ತಪ್ಪಾಗಿದ್ದರೆ ಈ ಯಾವ ಪರೀಕ್ಷೆಯೂ ಸಾಲದು. ಅದಕ್ಕಾಗಿಯೇ ಬಟ್ಟುಗಳನ್ನು ಸರ್ಕಾರದ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರಿಶೀಲಿಸಿ ಮುದ್ರೆ ಹಾಕುತ್ತಾರೆ. ಬಟ್ಟಿನ ಬದಲು ಕಲ್ಲು ಇಟ್ಟು ತೂಗಿ ಮಾರುವುದು ಕಾನೂನಿಗೆ ವಿರುದ್ಧ.

* ಹಿಂದೆ ಪ್ಯಾರಿಸ್ ಬಳಿ ಕಾಪಾಡಿದ್ದ ಲೋಹದ ಒಂದು ಉರುಳೆಯೇ ಜಗತ್ತಿಗೆಲ್ಲ ಕಿಲೋಗ್ರಾಂನ ಮಾದರಿಯಾಗಿತ್ತು. ಅದರ 57ನೇ ಸಂಖ್ಯೆಯ ಪ್ರತಿ ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. 2019ರ ಮೇ 20ರಿಂದ ಕಿಲೋಗ್ರಾಂ ಅನ್ನು ಎಂದೂ ಬದಲಾಗದ ‘ಪ್ಲಾಂಕ್ ಸ್ಥಿರಾಂಕ’ದ ಆಧಾರದಿಂದ ನಿರ್ಧರಿಸಲಾಗುತ್ತಿದೆ.

* ಈಗ ಅನೇಕ ಅಂಗಡಿಗಳಲ್ಲಿ ವಿದ್ಯುನ್ಮಾನ ತಕ್ಕಡಿ ಇದೆ. ಸಾಮಾನು ಇಡುವ ಮೊದಲು ಅದು ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಿ.

ಲೆಕ್ಕ ಮಾಡಿ

1. ಆನಿಕೆಯಿಂದ 12 ಸೆಂ.ಮೀ. ಎಡಕ್ಕೆ 2 ನಾಣ್ಯಗಳಿವೆ. ಬಲಗಡೆ 6 ನಾಣ್ಯಗಳನ್ನು ಎಷ್ಟು ದೂರದಲ್ಲಿ ತೂಗುಹಾಕಬೇಕು?
2. ಎಡಭುಜ 18 ಸೆಂ.ಮೀ., ಬಲಭುಜ 20 ಸೆಂ.ಮೀ. ಇರುವ ತಕ್ಕಡಿಯ ಎಡಗಡೆ 1 ಕಿ.ಗ್ರಾಂ. ಬಟ್ಟು ಇದೆ. ಬಲಗಡೆ ಎಷ್ಟು ಗ್ರಾಂ ಸಕ್ಕರೆ ಇಟ್ಟರೆ ಸಮವಾಗುತ್ತದೆ?

ಉತ್ತರಗಳು: 1) 4 ಸೆಂ.ಮೀ. 2) 900 ಗ್ರಾಂ.

ಮುಂದಿನ ಸಲ ಸಂತೆಗೆ ಹೋದಾಗ ಚೀಲದ ಜೊತೆಗೆ ಈ ಲೆಕ್ಕವನ್ನೂ ತೆಗೆದುಕೊಂಡು ಹೋಗಿ!