ಪಂಚಾಂಗದ ಚೀಲದ ಹತ್ತು ಸಾವಿರ

ಮನೆಯಲ್ಲಿ ನಗದು ಇಡುವುದು ದಂಡ ಎಂದು ತೀರ್ಮಾನಿಸಿದವಳು ನಾನೇ. ಅತ್ತೆ ಪಂಚಾಂಗದ ಚೀಲದಲ್ಲಿ ಇಟ್ಟುಕೊಂಡಿದ್ದ 10,000 ರೂಪಾಯಿಯನ್ನೂ ಒಯ್ದು ಎಫ್‌ಡಿಗೆ ಹಾಕಿದೆ. ‘ಒಂದಿಷ್ಟು ಇರಲಿ ಮಾರಾಯ್ತಿ’ ಎಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಳೆದ ಆಷಾಢದಲ್ಲಿ ಆಗುಂಬೆ ಕಡೆಯ ಮಳೆಗೆ ನಮ್ಮೂರಲ್ಲಿ ಮೂರು ದಿನ ಕರೆಂಟಿಲ್ಲ. ಎರಡನೇ ದಿನಕ್ಕೆ ಟವರಿನ ಬ್ಯಾಟರಿಯೂ ಮುಗಿಯಿತು. ಮಾವನವರ ಜ್ವರ ಇಳಿಯಲಿಲ್ಲ. ಡಾಕ್ಟರು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ಜೀಪಿನವನು ಬಾಡಿಗೆ 3,500 ಹೇಳಿದ, ಡೀಸೆಲ್‌ಗೆ ಮುಂಗಡ ಕೇಳಿದ. ಖಾತೆಯಲ್ಲಿ ಲಕ್ಷದ ಮೇಲಿತ್ತು, ಪರ್ಸಿನಲ್ಲಿ 140 ರೂಪಾಯಿ. ಅಕ್ಕಪಕ್ಕದ ಮೂರು ಮನೆ ಸುತ್ತಿದರೆ ಕೂಡಿದ್ದು 1,100. ಅವರೂ ನನ್ನ ಹಾಗೆಯೇ ಫೋನ್ ನಂಬಿದವರು.

ಕೊನೆಗೆ ಅಡಿಕೆ ಕೊಳ್ಳುವವರೊಬ್ಬರು ಕೈಮೇಲೆ ದುಡ್ಡು ಕೊಟ್ಟರು. ಅದಕ್ಕೆ ಒಂದು ಕ್ವಿಂಟಲ್ ರಾಶಿ ಅಡಿಕೆಯನ್ನು ಪೇಟೆ ಧಾರಣೆಗಿಂತ 4,000 ರೂಪಾಯಿ ಕಡಿಮೆಗೆ ಬಿಟ್ಟುಕೊಟ್ಟೆ.

ಲೆಕ್ಕ ಹಾಕಿ ನೋಡಿ. ಶೇ 6.5ರ ಬಡ್ಡಿಯಲ್ಲಿ 10,000ಕ್ಕೆ ವರ್ಷಕ್ಕೆ 650 ರೂಪಾಯಿ. ಕಳೆದುಕೊಂಡ 4,000 ಕೂಡಬೇಕಾದರೆ, ಚಕ್ರಬಡ್ಡಿ ಬದಿಗಿಟ್ಟರೆ, ಆರು ವರ್ಷ ಎರಡು ತಿಂಗಳು. ಅದೇ ಹಣ ಶೇ 2.5ರ ಎಸ್‌ಬಿ ಖಾತೆಯಲ್ಲಿದ್ದಿದ್ದರೆ ವರ್ಷಕ್ಕೆ 250. ಹದಿನಾರು ವರ್ಷ ಬೇಕು. ನಾನು ಉಳಿಸಲು ಹೊರಟಿದ್ದು ತಿಂಗಳಿಗೆ 54 ರೂಪಾಯಿ!

ಆ ಹೊತ್ತಿನಲ್ಲಿ ನನ್ನ ಫೋನಿನೊಳಗೆ ‘ತುರ್ತು ಸಾಲ’ ಎಂಬುದೊಂದು ಮಂಜೂರಾಗಿ ಕೂತಿತ್ತು. ಅದಕ್ಕೆ ವರ್ಷವರ್ಷವೂ ಶುಲ್ಕ ಕಟ್ಟಿದ್ದೇನೆ. ಟವರ್ ಇಲ್ಲದಾಗ ಕೈಗೆ ಬಾರದ ಸಾಲವನ್ನು ತುರ್ತು ಎಂದು ಮಾರುವುದು ಮೋಸ, ಬೇರೆ ಹೆಸರಿಲ್ಲ. ಮರುತಿಂಗಳೇ ಮುಚ್ಚಿಸಿದೆ. ಯುಪಿಐ ಲೈಟ್ ಬ್ಯಾಂಕಿನ ಸರ್ವರ್ ಕೈಕೊಟ್ಟಾಗ ಒದಗುತ್ತದೆ, ಇಟ್ಟುಕೊಳ್ಳಿ. *99# ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಆದರೆ ಸಿಗ್ನಲ್ ಬೇಕು.

ಹಣಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಮೇಲಿನಮನೆಯ ಲ್ಯಾಂಡ್‌ಲೈನ್ ಜೀವಂತವಿತ್ತು. ರಿಸೀವರ್ ಹಿಡಿದು ನಿಂತೆ. ಬೆಂಗಳೂರಿನಲ್ಲಿರುವ ಮಗನ ನಂಬರಿನ ಮೊದಲ ನಾಲ್ಕು ಅಂಕೆಯಾದ ಮೇಲೆ ಬೆರಳು ಮುಂದೆ ಹೋಗಲಿಲ್ಲ. ಒಂದು ಕಾಲದಲ್ಲಿ ಇಪ್ಪತ್ತು ಮನೆಯ ನಂಬರು ಬಾಯಿಪಾಠವಿತ್ತು. ನಾಲ್ಕು ನಂಬರನ್ನಾದರೂ ಬಾಯಿಪಾಠ ಮಾಡಿ, ಮಕ್ಕಳಿಗೂ ಮಾಡಿಸಿ. ಖಾತೆ ಸಂಖ್ಯೆ, ವಿಮೆ ಪಾಲಿಸಿ ಸಂಖ್ಯೆ ಕಾಗದದಲ್ಲಿ ಬರೆದಿಡಿ. ಚೆಕ್ ಬರೆಯಲು, ವಿತ್‌ಡ್ರಾ ಚೀಟಿ ತುಂಬಲು ಮನೆಯ ಹುಡುಗರಿಗೆ ಬರುತ್ತದೆಯೇ, ಒಮ್ಮೆ ಕೂರಿಸಿಕೊಂಡು ನೋಡಿ.

ಮಾವ ಐದನೇ ದಿನ ಮನೆಗೆ ಬಂದರು. ಹತ್ತು ಸಾವಿರ ಈಗ ಅತ್ತೆಯ ಚೀಲಕ್ಕೇ ವಾಪಸಾಗಿದೆ, ಬಹುಪಾಲು ನೂರರ, ಐವತ್ತರ ನೋಟುಗಳಲ್ಲಿ. ಮೊನ್ನೆ ಬಿಸಿಲು ಕಂಡ ಕೂಡಲೇ ಅವನ್ನು ಮೊರದಲ್ಲಿ ಹರಡಿ ಎಣಿಸಿದರು. ಬೂಷ್ಟು ಹಿಡಿದ ಎರಡನ್ನು ಬೇರೆ ಇಟ್ಟು, ‘ಇವನ್ನು ಬ್ಯಾಂಕಿನಲ್ಲಿ ಬದಲಾಯಿಸಿಕೊಂಡು ಬಾ’ ಎಂದು ನನ್ನ ಕೈಗೆ ಕೊಟ್ಟರು.