ಕಾರಿನ ಆಸನಕ್ಕೆ ತೊಗಲಿನ ಹೊದಿಕೆ

ಚೆನ್ನಾಗಿ ಪಾಲಿಸಿದ ಮೋಟಾರುಕಾರಿನ ಯಂತ್ರವು ಹಲವು ದಶಕಗಳ ಕಾಲ ನಡೆಯುವುದುಂಟು. ಆದರೆ ಅದರ ಆಸನದ ಹೊದಿಕೆಗೆ ಅಷ್ಟು ದೀರ್ಘಾಯುಸ್ಸಿಲ್ಲ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಆದರೂ ಈ ಕಾರುಗಳನ್ನು ಜೋಪಾನವಾಗಿ ಉಳಿಸಿಕೊಂಡು ಬಂದವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಇಂಥ ಕಾರಿನೊಳಗೆ ಇಣುಕಿದರೆ ಮೊದಲು ಕಣ್ಣಿಗೆ ಬೀಳುವುದು ಬಿರಿದ ರೆಕ್ಸಿನ್ನು, ಅದರ ಸಂದಿಯಿಂದ ಉದುರುವ ಹಳದಿ ಪುಡಿ, ಕೆಲವೊಮ್ಮೆ ಮೇಲಕ್ಕೆ ಚುಚ್ಚಿಕೊಂಡು ಬಂದ ಸ್ಪ್ರಿಂಗು.

ಈ ಹೊದಿಕೆಯನ್ನು ತೆಗೆದು ತೊಗಲಿನ ಹೊದಿಕೆಯನ್ನು ಮನೆಯಲ್ಲಿಯೇ ಹಾಕಬಹುದೆ? ತಾಳ್ಮೆಯಿದ್ದರೆ ಹಾಕಬಹುದು. ಆದರೆ ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ತೊಗಲಿನಲ್ಲಿ ಸೂಜಿ ಮಾಡಿದ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಆದುದರಿಂದ ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಎರಡು ವಿಷಯಗಳನ್ನು ಅರಿಯುವುದು ಅವಶ್ಯ: ಹಳೆಯ ಹೊದಿಕೆ ನಮಗೆ ಹೇಳುವುದೇನು, ಹೊಸ ತೊಗಲಿನ ಸ್ವಭಾವವೇನು. ಇವೆರಡನ್ನೂ ಅರಿತವನ ಕೈಯಲ್ಲಿ ತೊಗಲು ಹಾಳಾಗುವುದು ಅಪರೂಪ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುವೆವು. ನಮ್ಮ ಪಾಠವು ಹಳೆಯ ಬಗೆಯ ಕಾರುಗಳಿಗೆ ಮಾತ್ರ ಅನ್ವಯಿಸುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಆಸನದ ಒರಗಿನ ಪಕ್ಕದಲ್ಲಿಯೇ ಗಾಳಿಚೀಲವನ್ನು, ಎಂದರೆ ಏರ್‌ಬ್ಯಾಗನ್ನು, ಹುದುಗಿಸಿರುತ್ತಾರೆ. ಅಪಘಾತವಾದೊಡನೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೊದಿಕೆಯ ಹೊಲಿಗೆಯನ್ನು ಹರಿದುಕೊಂಡು ಹೊರಬರಬೇಕು. ಅದಕ್ಕಾಗಿ ಆ ಒಂದು ಹೊಲಿಗೆ ಸುಲಭವಾಗಿ ಬಿಚ್ಚುವಂತೆ ಕಾರ್ಖಾನೆಯವರು ವಿಶೇಷ ಏರ್ಪಾಡು ಮಾಡಿರುತ್ತಾರೆ. ಅಲ್ಲಿ ನಾವು ಗಟ್ಟಿ ತೊಗಲನ್ನು ಗಟ್ಟಿ ದಾರದಿಂದ ಹೊಲಿದರೆ, ಪ್ರಾಣ ಉಳಿಸಬೇಕಾದ ಚೀಲವನ್ನು ಕಟ್ಟಿಹಾಕಿದಂತಾಗುತ್ತದೆ. ಅಂಥ ಆಸನಗಳನ್ನು ಮನೆಯಲ್ಲಿ ಬಿಚ್ಚಕೂಡದು.

ಹಳೆಯ ಹೊದಿಕೆ ಏಕೆ ಬಿರಿಯಿತು?

ರೆಕ್ಸಿನ್ನು ಎಂದು ನಾವು ಇಂದು ಕರೆಯುವ ವಸ್ತು ಬಹುಮಟ್ಟಿಗೆ ಪಾಲಿವಿನೈಲ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್ಕಿನ ಲೇಪವುಳ್ಳ ಬಟ್ಟೆ. ಈ ಪ್ಲಾಸ್ಟಿಕ್ಕು ಸ್ವಭಾವತಃ ಬಿರುಸಾದುದು. ನೀರಿನ ಕೊಳವೆಗಳನ್ನು ಮಾಡುವುದು ಇದರಿಂದಲೇ. ಇದನ್ನು ಬಟ್ಟೆಯಂತೆ ಮಡಿಸಬೇಕಾದರೆ ಎಣ್ಣೆಯಂಥ ಒಂದು ದ್ರವವನ್ನು ಬೆರೆಸಿ ಮೆದುಗೊಳಿಸಬೇಕು. ಮುಚ್ಚಿ ನಿಲ್ಲಿಸಿದ ಕಾರಿನ ಆಸನದ ಮೇಲ್ಮೈ ಬೇಸಿಗೆಯ ಬಿಸಿಲಿನಲ್ಲಿ 60 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಆ ಕಾವಿಗೆ ಮೆದುಗೊಳಿಸುವ ದ್ರವವು ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗುತ್ತದೆ. ಕಾರಿನ ಮುಂಗಾಜಿನ ಒಳಮೈಯಲ್ಲಿ ತೆಳ್ಳನೆಯ ಜಿಡ್ಡು ಕಟ್ಟಿಕೊಳ್ಳುವುದನ್ನು ವಾಚಕರು ನೋಡಿರಬಹುದು. ಅದಕ್ಕೆ ಒಂದು ಕಾರಣ ಇದೇ. ದ್ರವವನ್ನು ಕಳೆದುಕೊಂಡ ಲೇಪವು ಮತ್ತೆ ಬಿರುಸಾಗಿ, ಕುಳಿತೆದ್ದಲ್ಲೆಲ್ಲ ಬಿರಿಯುತ್ತದೆ.

ಬಿರಿದ ಜಾಗಗಳನ್ನು ಗಮನಿಸಿ ನೋಡಬೇಕು. ನಮ್ಮ ದೇಶದಲ್ಲಿ ಚಾಲಕನು ಬಲಗಡೆ ಕುಳಿತು ಬಲಬಾಗಿಲಿನಿಂದಲೇ ಇಳಿಯುತ್ತಾನೆ. ಪ್ರತಿಸಾರಿಯೂ ಅವನ ಮೈ ಆಸನದ ಬಲ ಅಂಚಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಹೀಗಾಗಿ ಮೊದಲು ಸವೆಯುವುದು ಆ ಅಂಚು. ಅನಂತರ ಕೂರುವ ಜಾಗದ ನಡುಭಾಗ. ಒರಗಿನ ಹಿಂಬದಿ ಬಹುಶಃ ಹೊಸದರಂತೆಯೇ ಇರುತ್ತದೆ. ಯಾವ ತುಂಡಿಗೆ ಗಟ್ಟಿಯಾದ ತೊಗಲು ಬೇಕು, ಯಾವುದಕ್ಕೆ ಸಾಧಾರಣವಾದದ್ದು ಸಾಕು ಎಂಬುದನ್ನು ಈ ಸವೆತವೇ ತೋರಿಸಿಕೊಡುತ್ತದೆ. ಮೈ ತಗಲುವ ಕಡೆ ಮಾತ್ರ ತೊಗಲನ್ನು ಹಾಕಿ, ಹಿಂಬದಿಗೆ ಒಳ್ಳೆಯ ರೆಕ್ಸಿನ್ನನ್ನೇ ಬಳಸಿದರೆ ಖರ್ಚೂ ತಗ್ಗುತ್ತದೆ.

ತೊಗಲಿನ ಸ್ವಭಾವ

ಹಸಿಯ ತೊಗಲನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಸೆಟೆಯುತ್ತದೆ. ಅದರ ಮುಖ್ಯ ದ್ರವ್ಯ ಕಾಲಜೆನ್ ಎಂಬ ಪ್ರೋಟೀನು. ಈ ಪ್ರೋಟೀನಿನ ಅಣು ಮೂರು ಎಳೆಗಳನ್ನು ಹುರಿಗೊಳಿಸಿದ ಹಗ್ಗದಂತಿದೆ ಎಂಬ ವಿವರಣೆಯನ್ನು 1954ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಮುಂದಿಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು.

ತೊಗಲನ್ನು ಹದಮಾಡುವುದೆಂದರೆ ಈ ಹಗ್ಗಗಳನ್ನು ಒಂದಕ್ಕೊಂದು ಬಿಗಿಯುವುದು. ನಮ್ಮ ಹಳೆಯ ಕಸುಬುದಾರರು ಇದಕ್ಕೆ ತಂಗಡಿಯ ತೊಗಟೆಯನ್ನೂ ಅಳಲೆಕಾಯಿಯನ್ನೂ ಬಳಸುತ್ತಿದ್ದರು. ಅವುಗಳಲ್ಲಿರುವ ಟ್ಯಾನಿನ್ ಈ ಕೆಲಸವನ್ನು ಮಾಡುತ್ತದೆ. 1884ರಲ್ಲಿ ಅಮೆರಿಕದ ಅಗಸ್ಟಸ್ ಷುಲ್ಟ್ಸ್ ಕ್ರೋಮಿಯಂ ಲವಣಗಳಿಂದ ಹದಮಾಡುವ ವಿಧಾನಕ್ಕೆ ಪೇಟೆಂಟು ಪಡೆದ ಮೇಲೆ ಈ ಕಸುಬಿನ ಸ್ವರೂಪವೇ ಬದಲಾಯಿತು. ಒದ್ದೆಯಾದ ಹಸಿಯ ತೊಗಲು ಸುಮಾರು 65 ಡಿಗ್ರಿಯ ಬಿಸಿಯಲ್ಲಿ ಒಮ್ಮೆಗೇ ಮುದುಡಿಕೊಳ್ಳುತ್ತದೆ. ತೊಗಟೆಯಿಂದ ಹದಮಾಡಿದ್ದು ಸುಮಾರು 70ರಿಂದ 85 ಡಿಗ್ರಿಯವರೆಗೆ ತಾಳುತ್ತದೆ; ಕ್ರೋಮಿಯಂನಿಂದ ಚೆನ್ನಾಗಿ ಹದಮಾಡಿದ್ದು ಕುದಿಯುವ ನೀರಿನಲ್ಲಿಯೂ ಮುದುಡುವುದಿಲ್ಲ. ಬಿಸಿಲಲ್ಲಿ ನಿಲ್ಲುವ ಕಾರಿಗೆ ಈ ಎರಡನೆಯ ಬಗೆಯ ಮೆತ್ತನೆಯ ತೊಗಲೇ ತಕ್ಕದ್ದು. ದಪ್ಪ 1ರಿಂದ 1.3 ಮಿಲಿಮೀಟರು ಇದ್ದರೆ ಸಾಕು.

ಕೊಳ್ಳುವಾಗ ತೊಗಲಿನ ಹಿಂಬದಿಯನ್ನು ತಿರುಗಿಸಿ ನೋಡಬೇಕು. ಒಂದರೊಳಗೊಂದು ಹೆಣೆದುಕೊಂಡ ನಾರುಗಳು ಕಾಣಬೇಕೇ ಹೊರತು ನೆಯ್ದ ಬಟ್ಟೆಯಲ್ಲ. ತೊಗಲಿನ ಚೂರುಗಳನ್ನು ಪುಡಿಮಾಡಿ, ಅಂಟು ಬೆರೆಸಿ, ಹಾಳೆಯಂತೆ ಒತ್ತಿ ಮಾರುವ ಪದಾರ್ಥವೂ ಅಂಗಡಿಗಳಲ್ಲಿ ದೊರೆಯುತ್ತದೆ. ಅದರಲ್ಲಿ ಉದ್ದನೆಯ ನಾರುಗಳ ಹೆಣಿಗೆ ಇಲ್ಲದುದರಿಂದ ಕೆಲವೇ ವರ್ಷಗಳಲ್ಲಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಇಡೀ ತೊಗಲು ಎಲ್ಲೆಡೆಯಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಬೆನ್ನಿನ ಎರಡೂ ಪಕ್ಕಗಳಲ್ಲಿ ನಾರುಗಳು ಒತ್ತಾಗಿರುತ್ತವೆ. ಹೊಟ್ಟೆಯ ಕಡೆಯೂ ಕಾಲುಗಳ ಸಂದಿಯಲ್ಲಿಯೂ ಸಡಿಲವಾಗಿರುತ್ತವೆ. ಬೆನ್ನುಗೆರೆಯ ಉದ್ದಕ್ಕೆ ಎಳೆದರೆ ತೊಗಲು ಕಡಿಮೆ ಹಿಗ್ಗುತ್ತದೆ, ಅಡ್ಡಕ್ಕೆ ಎಳೆದರೆ ಹೆಚ್ಚು ಹಿಗ್ಗುತ್ತದೆ. ಇದನ್ನು ಕೈಯಿಂದ ಎಳೆದೇ ಪರೀಕ್ಷಿಸಬಹುದು. ಇದನ್ನು ಕಡೆಗಣಿಸಿ, ಜಾಗ ಉಳಿಯಿತೆಂದು ಹೊಟ್ಟೆಯ ಭಾಗವನ್ನು ಕೂರುವ ಜಾಗಕ್ಕೆ ಹಾಕಿದರೆ ಆರು ತಿಂಗಳಲ್ಲಿ ಅಲ್ಲಿ ಜೋಲು ಬೀಳುತ್ತದೆ.

ಬಿಚ್ಚುವ ಕ್ರಮ

ಆಸನವನ್ನು ನೆಲದ ಹಳಿಗೆ ಹಿಡಿದಿರುವ ಬೋಲ್ಟುಗಳನ್ನು ಕಳಚಿ ಅದನ್ನು ಹೊರಗೆ ತರಬೇಕು. ಪ್ರತಿಯೊಂದು ಹಂತದಲ್ಲಿಯೂ ಮೊಬೈಲಿನಿಂದ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಜೋಡಿಸುವಾಗ ತಡಕಾಡಬೇಕಾಗುವುದಿಲ್ಲ. ಹೊದಿಕೆಯನ್ನು ಚೌಕಟ್ಟಿಗೆ ಹಿಡಿದಿರುವುದು ಸಾಮಾನ್ಯವಾಗಿ ಸಣ್ಣ ಕಂಬಿಯ ಬಳೆಗಳು ಅಥವಾ ಕೊಕ್ಕೆಗಳು. ಬಳೆಗಳನ್ನು ಕತ್ತರಿಸಿ ಎಸೆಯಬಹುದು. ಆದರೆ ಹೊದಿಕೆಯ ಒಳಮಡಿಕೆಯಲ್ಲಿ ಪೋಣಿಸಿರುವ ಉದ್ದನೆಯ ಕಂಬಿಗಳನ್ನು ಜತನವಾಗಿ ಎತ್ತಿಡಬೇಕು. ಹೊದಿಕೆಯನ್ನು ಕೆಳಕ್ಕೆ ಎಳೆದು ಆಸನಕ್ಕೆ ಅದರ ತಗ್ಗುದಿಣ್ಣೆಗಳನ್ನು ಕೊಡುವುದು ಅವೇ.

ಈಗ ಒಳಭಾಗವನ್ನು ನೋಡಬೇಕು. ಮುರಿದ ಸ್ಪ್ರಿಂಗನ್ನು ಬದಲಿಸಬೇಕು. ತುಕ್ಕನ್ನು ಉಜ್ಜಿ ಬಣ್ಣ ಬಳಿಯಬೇಕು. ಫೋಮು ಪುಡಿಯಾಗಿದ್ದರೆ ಹೊಸದನ್ನು ಹಾಕತಕ್ಕದ್ದು. ಆ ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳುವುದು ಲೇಸು. ಕುಸಿದ ಮೆತ್ತೆಯ ಮೇಲೆ ಎಷ್ಟು ಒಳ್ಳೆಯ ತೊಗಲನ್ನು ಹೊದಿಸಿದರೂ ಅದು ಸುಕ್ಕುಗಟ್ಟದೆ ಇರದು.

ಹಳೆಯ ಹೊದಿಕೆಯ ಹೊಲಿಗೆ ಬಿಚ್ಚುವ ಮೊದಲು ಪ್ರತಿಯೊಂದು ತುಂಡಿಗೂ ಒಂದು ಅಂಕಿಯನ್ನು ಬರೆದು, ಮುಂಭಾಗ ಯಾವುದೆಂದು ಬಾಣದ ಗುರುತು ಹಾಕಬೇಕು. ಹೊಲಿಗೆಯ ಉದ್ದಕ್ಕೂ ಸುಮಾರು 5 ಸೆಂಟಿಮೀಟರಿಗೆ ಒಂದರಂತೆ ಎರಡೂ ತುಂಡುಗಳನ್ನು ದಾಟುವ ಅಡ್ಡಗೆರೆಗಳನ್ನು ಎಳೆಯಬೇಕು. ಬಾಗಿದ ಅಂಚನ್ನು ನೇರವಾದ ಅಂಚಿಗೆ ಹೊಲಿಯುವಾಗ ಈ ಗೆರೆಗಳೇ ದಾರಿ ತೋರುತ್ತವೆ. ಎರಡು ಆಸನಗಳಿದ್ದರೆ ಒಂದನ್ನು ಮಾತ್ರ ಬಿಚ್ಚಿ, ಅದರ ಕೆಲಸ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟದೆ ಇಟ್ಟುಕೊಳ್ಳಬೇಕು. ಸಂದೇಹ ಬಂದಾಗ ಉತ್ತರ ಕೊಡುವುದು ಆ ಇನ್ನೊಂದೇ.

ಮಾದರಿಯೂ ಕತ್ತರಿಸುವುದೂ

ಬಿಚ್ಚಿದ ತುಂಡುಗಳನ್ನು ನೇರವಾಗಿ ತೊಗಲಿನ ಮೇಲಿಟ್ಟು ಕತ್ತರಿಸಕೂಡದು. ಅವು ವರ್ಷಗಟ್ಟಲೆ ಭಾರ ಹೊತ್ತು ಹಿಗ್ಗಿರುತ್ತವೆ. ತುಂಡನ್ನು ನಡುವೆ ಮಡಿಸಿ ಎರಡು ಅರ್ಧಗಳನ್ನೂ ಹೋಲಿಸಬೇಕು. ಸಮನಾಗಿರಬೇಕಾದ ತುಂಡಿನಲ್ಲಿ ಒಂದು ಅರ್ಧ ದೊಡ್ಡದಾಗಿ ಕಂಡರೆ, ಸವೆಯದೆ ಇರುವ ಅರ್ಧವನ್ನೇ ನಂಬಬೇಕು. ಹೀಗೆ ತಿದ್ದಿದ ಆಕಾರವನ್ನು ದಪ್ಪ ಕಾಗದಕ್ಕೆ ಇಳಿಸಿ, ಸುತ್ತಲೂ ಹೊಲಿಗೆಗೆಂದು 12 ಮಿಲಿಮೀಟರಿನಷ್ಟು ಅಂಚನ್ನು ಬಿಡಬೇಕು. ಬಳಿಕ ಹಳೆಯ ಜಮಖಾನವನ್ನೋ ದಪ್ಪನೆಯ ಬಟ್ಟೆಯನ್ನೋ ಈ ಮಾದರಿಯಂತೆ ಕತ್ತರಿಸಿ, ಹೊಲಿದು, ಆಸನಕ್ಕೆ ತೊಡಿಸಿ ನೋಡಬೇಕು. ಒಂದು ದಿನ ಹೆಚ್ಚು ಹಿಡಿದರೂ ಈ ಪರೀಕ್ಷೆಯನ್ನು ಬಿಡಕೂಡದು; ತಪ್ಪುಗಳೆಲ್ಲ ಬಟ್ಟೆಯಲ್ಲಿಯೇ ಮುಗಿಯಲಿ.

ತೊಗಲನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ಮಾದರಿಗಳ ಒಟ್ಟು ವಿಸ್ತೀರ್ಣಕ್ಕೆ ಮೂರನೆಯ ಒಂದು ಪಾಲನ್ನು ಸೇರಿಸಿ ಕೊಳ್ಳುವುದು ಒಳ್ಳೆಯದು. ತೊಗಲಿನ ಆಕಾರ ಅಂಕುಡೊಂಕು, ಮೇಲಾಗಿ ಅದರಲ್ಲಿ ಗಾಯದ ಕಲೆ, ಉಣ್ಣೆಹುಳು ಕಚ್ಚಿದ ಗುರುತು ಮುಂತಾದುವು ಇದ್ದೇ ಇರುತ್ತವೆ. ಅವುಗಳನ್ನು ಮೊದಲು ಸೀಮೆಸುಣ್ಣದಿಂದ ಗುರುತಿಸಬೇಕು. ಕೂರುವ ಜಾಗ ಮತ್ತು ಚಾಲಕನ ಬಲ ಅಂಚು ಬೆನ್ನಿನ ಭಾಗದಿಂದ ಬರಲಿ; ಕಾಣದ ಪಟ್ಟಿಗಳು ಹೊಟ್ಟೆಯ ಭಾಗದಿಂದ ಬರಲಿ. ಎಡಬಲಗಳ ತುಂಡುಗಳು ಕನ್ನಡಿಯ ಪ್ರತಿಬಿಂಬಗಳಂತೆ ಇರಬೇಕಾದುದರಿಂದ ಒಂದನ್ನು ಕತ್ತರಿಸಿದ ಮೇಲೆ ಕಾಗದವನ್ನು ಮಗುಚಿ ಹಾಕಲು ಮರೆಯಬಾರದು. ಎಲ್ಲ ಮಾದರಿಗಳನ್ನೂ ಹರಡಿ, ಎಣಿಸಿ ನೋಡಿದ ಮೇಲೆಯೇ ಮೊದಲ ತುಂಡನ್ನು ಕತ್ತರಿಸಬೇಕು.

ಹೊಲಿಗೆ

ಹೊಲಿಗೆ ಒತ್ತಾದಷ್ಟೂ ಗಟ್ಟಿ ಎಂಬುದು ಬಟ್ಟೆಯ ಮಟ್ಟಿಗೆ ನಿಜ. ತೊಗಲಿನಲ್ಲಿ ಇದು ಉಲ್ಟಾ. ಅಂಚೆಚೀಟಿಗಳ ಹಾಳೆಯಲ್ಲಿ ಸಾಲುತೂತುಗಳಿರುವ ಕಡೆಯೇ ಚೀಟಿ ಹರಿದುಬರುವಂತೆ, ತೂತುಗಳು ತೀರ ಹತ್ತಿರವಾದರೆ ತೊಗಲೂ ಆ ಗೆರೆಯಲ್ಲಿಯೇ ಹರಿಯುತ್ತದೆ. ಅಂಗುಲಕ್ಕೆ ಆರು ಹೊಲಿಗೆ, ಎಂದರೆ ಸುಮಾರು 4 ಮಿಲಿಮೀಟರಿಗೆ ಒಂದು, ಸರಿಯಾದ ಲೆಕ್ಕ. ತೊಗಲನ್ನು ಕೊಯ್ದುಕೊಂಡು ಹೋಗುವ ತುದಿಯ ಸೂಜಿಯನ್ನೂ ಪಾಲಿಯೆಸ್ಟರ್ ಅಥವಾ ನೈಲಾನ್ ದಾರವನ್ನೂ ಬಳಸಬೇಕು. ಹತ್ತಿಯ ದಾರ ಬೆವರಿನ ತೇವಕ್ಕೆ ಕೊಳೆಯುತ್ತದೆ.

ಮನೆಯ ಹೊಲಿಗೆಯಂತ್ರ ಸಾಕಾಗುವುದೋ ಇಲ್ಲವೋ ಎಂದು ತಿಳಿಯಲು ತೊಗಲಿನ ಚೂರೊಂದನ್ನು ನಾಲ್ಕು ಪದರವಾಗಿ ಇಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಿ ಹೊಲಿದು ನೋಡಬೇಕು. ಯಂತ್ರ ತಿಣುಕಿದರೆ ಬಲವಂತ ಮಾಡಬಾರದು. ಕತ್ತರಿಸಿ ಗುರುತು ಹಾಕಿದ ತುಂಡುಗಳನ್ನು ಕುಶನ್ ಕೆಲಸದವರಲ್ಲಿಗೆ ಒಯ್ದು ಅವರ ದೊಡ್ಡ ಯಂತ್ರದಲ್ಲಿ ಹೊಲಿಸಬಹುದು. ಇಲ್ಲವೆ ಮೊದಲೇ ತೂತುಗಳನ್ನು ಕೊರೆದುಕೊಂಡು, ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲಿಯೂ ಎರಡೂ ಕಡೆಯಿಂದ ದಾಟಿಸುತ್ತ ಕೈಯಿಂದ ಹೊಲಿಯಬಹುದು. ಈ ಹೊಲಿಗೆಯಲ್ಲಿ ಒಂದು ಎಳೆ ಕಡಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ.

ತೊಡಿಸುವುದೂ ಕಾಪಾಡುವುದೂ

ಹೊಲಿದ ಹೊದಿಕೆಯನ್ನು ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಇಟ್ಟರೆ ಮೆತ್ತಗಾಗಿ ತೊಡಿಸಲು ಸುಲಭವಾಗುತ್ತದೆ. ಸುಕ್ಕು ಬಿಡಿಸಲೆಂದು ಕುದಿಯುವ ನೀರಿನ ಆವಿ ಹಿಡಿಯಬಾರದು. ತೇವ ಮತ್ತು ಬಿಸಿ ಎರಡೂ ಕೂಡಿದರೆ ಸರಿಯಾಗಿ ಹದವಾಗದ ತೊಗಲು ಮುದುಡುತ್ತದೆ ಎಂಬುದನ್ನು ಮೇಲೆಯೇ ಹೇಳಿದೆವು. ಹಳೆಯ ಕಂಬಿಗಳನ್ನು ಹೊಸ ಮಡಿಕೆಗಳಲ್ಲಿ ಪೋಣಿಸಿ, ಮೊದಲು ನಡುವನ್ನು ಬಿಗಿದು, ಅನಂತರ ಎರಡೂ ಕಡೆಗೆ ಸಮನಾಗಿ ಎಳೆಯುತ್ತ ಅಂಚುಗಳಿಗೆ ಹೋಗಬೇಕು. ಕೊನೆಯಲ್ಲಿ ನೆಲದ ಬೋಲ್ಟುಗಳನ್ನೆಲ್ಲ ಭದ್ರವಾಗಿ ಬಿಗಿದು, ಆಸನವನ್ನು ಅಲುಗಿಸಿ ನೋಡಬೇಕು.

ತೊಗಲಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿ ಉಂಟು. ಕಾರಿನ ತೊಗಲಿನ ಮೇಲೆ ತೆಳುವಾದ ರಕ್ಷಣೆಯ ಲೇಪವಿರುವುದರಿಂದ ಎಣ್ಣೆ ಒಳಗಿಳಿಯದೆ ಮೇಲೆಯೇ ನಿಂತು ಧೂಳನ್ನೂ ಉಡುಪಿಗೆ ಜಿಡ್ಡನ್ನೂ ಅಂಟಿಸುತ್ತದೆ. ಸೌಮ್ಯವಾದ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿದರೆ ಸಾಕು. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಆಗಾಗ್ಗೆ ಕಾರಿನ ಬಾಗಿಲುಗಳನ್ನು ತೆರೆದು ಗಾಳಿಯಾಡಿಸಬೇಕು.

ಉಳಿದ ಚೂರುಗಳ ವಿಷಯ. ಕ್ರೋಮಿಯಂನಿಂದ ಹದಮಾಡಿದ ತೊಗಲನ್ನು ಸುಟ್ಟರೆ ಅದರೊಳಗಿನ ನಿರಪಾಯವಾದ ಕ್ರೋಮಿಯಂ ವಿಷಕಾರಿಯಾದ ಇನ್ನೊಂದು ರೂಪಕ್ಕೆ ತಿರುಗಬಹುದು. ಆದುದರಿಂದ ಅವುಗಳನ್ನು ಬಚ್ಚಲ ಒಲೆಗೆ ಹಾಕಲೇಕೂಡದು. ಆ ಬೂದಿ ಗಿಡಗಳ ಬುಡಕ್ಕೂ ಸಲ್ಲದು. ದೊಡ್ಡ ಚೂರುಗಳನ್ನು ಮುಂದಿನ ದುರಸ್ತಿಗೆಂದು ಸುತ್ತಿಡಬೇಕು. ಕಾಗದದ ಮಾದರಿಗಳನ್ನೂ ಅವುಗಳ ಜೊತೆಯಲ್ಲಿಯೇ ಇಟ್ಟರೆ, ಹತ್ತು ಹದಿನೈದು ವರ್ಷಗಳ ಬಳಿಕ ಯಾವುದಾದರೊಂದು ತುಂಡು ಸವೆದಾಗ ಇಡೀ ಹೊದಿಕೆಯನ್ನು ಬಿಚ್ಚುವ ಅಗತ್ಯವಿಲ್ಲದೆ ಅದೊಂದನ್ನೇ ಬದಲಿಸಬಹುದು.