ಅವನು ಒಪ್ಪಿಕೊಳ್ಳಲಿ ಎಂದು ಕಾಯಬೇಡ

ಮಗಳೇ,

ನಿನ್ನ ಉದ್ದದ ಮೆಸೇಜು ಓದಿದೆ. ಕೊನೆಯಲ್ಲಿ ನಿನ್ನ ಗಂಡನ ಬಗ್ಗೆ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ‘ಅವನು ನಿಜವಾಗ್ಲೂ ನಾರ್ಸಿಸಿಸ್ಟಾ, ಚಿಕ್ಕಮ್ಮಾ?’ ಗೊತ್ತಿಲ್ಲ. ಹೇಳುವ ಅಧಿಕಾರ ನನಗೂ ಇಲ್ಲ, ನಿನಗೂ ಇಲ್ಲ, ರಾತ್ರಿ ಎರಡು ಗಂಟೆವರೆಗೆ ನೀನು ನೋಡುತ್ತ ಕೂರುವ ಆ ಯೂಟ್ಯೂಬಿನವರಿಗಂತೂ ಇಲ್ಲವೇ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಈ ವ್ಯಕ್ತಿತ್ವದೋಷವನ್ನು ತನ್ನ ಕೈಪಿಡಿಗೆ ಸೇರಿಸಿತು. ಎದುರಿಗೆ ಕೂರಿಸಿಕೊಂಡು, ವಿವರವಾಗಿ ಮಾತಾಡಿಸಿ, ತಜ್ಞರು ಹೇಳಬೇಕಾದದ್ದು ಅದು. ಅವನು ಅವರ ಬಾಗಿಲಿಗೆ ಹೋಗುವವನಲ್ಲ; ಹೋದರೂ ನಿನ್ನನ್ನು ತೋರಿಸಲು ಕರೆದುಕೊಂಡು ಹೋಗುತ್ತಾನೆ. ಅಂಥದ್ದೊಂದು ಚೀಟಿ ಸಿಕ್ಕೇಬಿಟ್ಟಿತು ಎಂದಿಟ್ಟುಕೋ, ನಿನಗೇನಾಯಿತು? ನಿನ್ನ ಸಂಬಳದ ಪ್ರತಿ ರೂಪಾಯಿಗೂ ಲೆಕ್ಕ ಕೇಳಿದ್ದು, ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿದ್ದು, ನೆಂಟರೆದುರು ನಿನ್ನ ಮಾತನ್ನು ಅಣಕಿಸಿ ನಗಿಸಿದ್ದು, ಕೋಪ ಬಂದರೆ ವಾರಗಟ್ಟಲೆ ಮಾತು ಬಿಟ್ಟಿದ್ದು, ಇವೆಲ್ಲ ನಡೆದಿವೆ. ಅಷ್ಟು ಸಾಕು. ಅವನ ಕಾಯಿಲೆಗೆ ಹೆಸರು ಹುಡುಕುತ್ತ ರಾತ್ರಿ ಕಳೆದರೆ, ಮನೆ ಬಿಟ್ಟು ಬಂದ ಮೇಲೂ ನೀನು ಅವನ ಚಾಕರಿಯಲ್ಲೇ ಇದ್ದ ಹಾಗೆ.

ಇಷ್ಟು ವರ್ಷ ಕುಟುಂಬ ನ್ಯಾಯಾಲಯದಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡಿದವಳು ನಾನು. ಏಟು ತಿಂದು ಬಂದವರಲ್ಲಿ ಸಿಟ್ಟಾದರೂ ಇರುತ್ತಿತ್ತು. ಬರೀ ಮಾತಿನಿಂದಲೇ ನುಗ್ಗಾಗಿ ಬಂದವರಲ್ಲಿ ಅದೂ ಇರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತ ಕೂಡಲೇ ‘ಮೇಡಂ, ತಪ್ಪು ನಂದೂ ಇರಬಹುದು’ ಎಂದು ಶುರು. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ‘ಗ್ಯಾಸ್ ಲೈಟ್’ ನಾಟಕದ ಗಂಡ ಮನೆಯ ವಸ್ತುಗಳನ್ನು ತಾನೇ ಬಚ್ಚಿಟ್ಟು, ನೀನೇ ಕಳೆದೆ ಎಂದು ಹೆಂಡತಿಯ ಮೇಲೆ ಹೊರಿಸುತ್ತಾನೆ. ತನಗೆ ಹುಚ್ಚು ಹಿಡಿಯುತ್ತಿದೆ ಎಂದು ಅವಳೇ ನಂಬುವ ಮಟ್ಟಿಗೆ. ನಿಮ್ಮ ಮನೆಯಲ್ಲಿ ಏನನ್ನೂ ಬಚ್ಚಿಡುವ ಅಗತ್ಯ ಬೀಳಲಿಲ್ಲ. ‘ನಾನು ಹಾಗಂದೇ ಇಲ್ಲ’, ‘ನಿನಗೆ ಎಲ್ಲಾನೂ ದೊಡ್ಡದು ಮಾಡೋ ಚಟ’, ಈ ಎರಡು ಮಾತಿನಲ್ಲೇ ಕೆಲಸ ಮುಗಿದಿತ್ತು.

ನೀನು ಬರೆಯಲು ನಾಚಿಕೊಂಡ ವಿಷಯಕ್ಕೆ ಬರುತ್ತೇನೆ. ಇಷ್ಟಾದ ಮೇಲೂ ಅವನು ಬೇಕೆನಿಸುತ್ತದೆ, ಫೋನು ಸದ್ದು ಮಾಡಿದರೆ ಅವನಿರಬಹುದೇ ಎಂದು ಎದೆ ಹಾರುತ್ತದೆ ಎಂದಿದ್ದೀಯ. ಅದನ್ನು ಪ್ರೀತಿಗೆ ಸಾಕ್ಷಿ ಎಂದು ತಿಳಿಯಬೇಡ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಮತ್ತು ಅವನ ಸಹೋದ್ಯೋಗಿ ಫರ್ಸ್ಟರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳನ್ನು 1957ರಲ್ಲಿ ಪುಸ್ತಕವಾಗಿ ತಂದರು. ಕುಟುಕಿದಾಗಲೆಲ್ಲ ಕಾಳು ಸಿಕ್ಕ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕೈಬಿಡುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದೆ, ಒಮ್ಮೊಮ್ಮೆ ಮಾತ್ರ ಸಿಕ್ಕ ಹಕ್ಕಿ ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತದೆ. ಎಂಟು ದಿನ ಮೌನ, ಒಂಬತ್ತನೇ ದಿನ ಒಂದು ಮೊಳ ಮಲ್ಲಿಗೆ, ಹೋಟೆಲಿನಲ್ಲಿ ಮಸಾಲೆದೋಸೆ, ‘ನೀನಿಲ್ದೆ ನಾನಿಲ್ಲ ಕಣೇ’ ಅನ್ನುವ ಮಾತು. ಮುಂದಿನ ಮಲ್ಲಿಗೆ ಎಂದೋ ಗೊತ್ತಿಲ್ಲ. ಕೆನಡಾದ ಡಟನ್ ಮತ್ತು ಪೇಂಟರ್ 1981ರಲ್ಲಿ ಬರೆದದ್ದು ಇದನ್ನೇ: ಒಬ್ಬರ ಕೈ ಮೇಲಾಗಿ, ನೋವು ಮತ್ತು ಅಕ್ಕರೆ ಸರದಿಯ ಮೇಲೆ ಬರುತ್ತಿದ್ದರೆ ಕಟ್ಟು ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಹಾಗಾಗಿ ಅವನ ನೆನಪು ಬಂದಾಗ ನಿನ್ನನ್ನು ನೀನೇ ಬೈದುಕೊಳ್ಳಬೇಡ. ಬರುತ್ತದೆ, ಕಾಡುತ್ತದೆ, ಉತ್ತರ ಸಿಗದಿದ್ದರೆ ನಿಧಾನಕ್ಕೆ ತಗ್ಗುತ್ತದೆ. ನಡುವೆ ಒಂದು ಸಲ ನೀನೇ ಫೋನು ಮಾಡಿದೆಯೋ, ಎಣಿಕೆ ಮತ್ತೆ ಒಂದರಿಂದ.

ಫೋನು ಅಂದಾಗ ನೆನಪಾಯಿತು, ಅವನ ಸ್ಟೇಟಸ್ ನೋಡುವುದನ್ನು ಇವತ್ತೇ ಬಿಡು. ಅಲ್ಲಿ ಅವನು ನಗುತ್ತಲೇ ಇರುತ್ತಾನೆ, ಯಾಕೆಂದರೆ ನೀನು ನೋಡುತ್ತೀಯ ಎಂದು ಅವನಿಗೆ ಗೊತ್ತು.

ಪೂರ್ತಿ ಮಾತು ಬಿಡುವುದು ನಿನಗೆ ಸಾಧ್ಯವಿಲ್ಲ, ನಡುವೆ ಪುಟ್ಟ ಇದ್ದಾನೆ. ಸರಿ. ಪುಟ್ಟನ ಶಾಲೆ ಫೀಸು, ಜ್ವರ, ಕರೆದುಕೊಂಡು ಹೋಗುವ ಸಮಯ, ಈ ಮೂರಕ್ಕೆ ಮಾತ್ರ ಉತ್ತರ ಕೊಡು. ಬರಹದಲ್ಲೇ ಕೊಡು, ಒಂದು ಸಾಲು ಸಾಕು. ‘ನೀನು ತಾಯಿನಾ?’ ಎಂದು ಕೆಣಕಿದ ಮೆಸೇಜಿಗೂ ‘ಶನಿವಾರ ಹತ್ತಕ್ಕೆ ರೆಡಿ ಇರ್ತಾನೆ’ ಎಂದಷ್ಟೇ. ನಿನ್ನ ಸಿಟ್ಟು, ಕಣ್ಣೀರು ಎರಡೂ ಅವನಿಗೆ ಬೇಕು. ಎರಡನ್ನೂ ಬೇರೆ ಕಡೆ ಖರ್ಚು ಮಾಡು. ಒಂದು ನೋಟ್‌ಬುಕ್ ಇಟ್ಟು ನಡೆದದ್ದನ್ನೆಲ್ಲ ತಾರೀಖು ಹಾಕಿ ಬರೆ. ವಕೀಲರಿಗೆ ಅದು ಬೇಕಾಗುತ್ತದೆ, ಅವನು ಬೇಕೆನಿಸಿದ ರಾತ್ರಿ ಓದಿಕೊಳ್ಳಲು ನಿನಗೂ ಬೇಕಾಗುತ್ತದೆ.

ಇನ್ನು ನಮ್ಮವರು. ನಿನ್ನ ಸೋದರಮಾವ ರಾಜಿಗೆ ಹೊರಟಿದ್ದಾನಂತೆ. ‘ಕುಡಿಯಲ್ಲ, ಹೊಡೆಯಲ್ಲ, ತಂಗಿ ಮದುವೇಲಿ ಪಂಕ್ತಿಗೆ ನಿಂತು ಬಡಿಸಿದ ಹುಡುಗ, ಇನ್ನೇನು ಬೇಕು ಇವಳಿಗೆ?’ ಅಂದನಂತೆ. ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುವ ಗಾದೆ ಇವರೆಲ್ಲರ ಬಾಯಲ್ಲೂ ಇದೆ. ಆ ಮಾರಿ ತಮ್ಮ ಮನೆಗೇ ಅಳಿಯನಾಗಿ ಬಂದಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಎಲ್ಲರನ್ನೂ ಒಪ್ಪಿಸಲು ಹೊರಡಬೇಡ. ಇಬ್ಬರಿಗೆ ಪೂರ್ತಿ ಹೇಳು, ಉಳಿದವರಿಗೆ ‘ವಕೀಲರು ನೋಡ್ಕೋತಿದ್ದಾರೆ ಮಾವ’ ಅಂದುಬಿಡು. ನಿನ್ನ ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ. ‘ಹೊಂದಿಕೊಂಡು ಹೋಗು’ ಅಂದವಳು ಅವಳೇ, ನಿಜ. ಅಕ್ಕ ಹೊಂದಿಕೊಂಡದ್ದು ಎಂಥವರ ಜೊತೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

‘ಹೊಡೆದಿಲ್ಲ, ಹಾಗಿದ್ರೆ ಕೇಸೇ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಅದರ 3ನೇ ಸೆಕ್ಷನ್ ಅವಮಾನ, ಹೀಯಾಳಿಕೆಯನ್ನೂ ದೌರ್ಜನ್ಯ ಎನ್ನುತ್ತದೆ, ನಿನಗೆ ಸೇರಬೇಕಾದ ಹಣ ತಡೆಯುವುದನ್ನೂ ಎನ್ನುತ್ತದೆ. ಮದುವೆಯಾಗದೆ ಗಂಡ ಹೆಂಡಿರಂತೆ ಒಟ್ಟಿಗೆ ಬಾಳಿದವಳಿಗೂ ಅದು ಅನ್ವಯಿಸುತ್ತದೆ. ನಿನ್ನ ಆಫೀಸಿನ ಆ ಹುಡುಗಿಗೂ ಹೇಳು. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿ.ಡಿ.ಪಿ.ಓ.) ಸಂರಕ್ಷಣಾಧಿಕಾರಿಗಳು, ಅವರ ಮೂಲಕವೂ ಅರ್ಜಿ ಕೊಡಬಹುದು. ಸಾಂತ್ವನ ಕೇಂದ್ರವಿದೆ, ಮಹಿಳಾ ಸಹಾಯವಾಣಿ 181 ಇದೆ. ತವರಿನಿಂದ ತಂದ ಒಡವೆ ನಿನ್ನದೇ. ಸುಪ್ರೀಂ ಕೋರ್ಟು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಅದನ್ನು ಹೇಳಿದೆ. ಕುಟುಂಬ ನ್ಯಾಯಾಲಯಕ್ಕೆ ಹೋದರೆ ಮೊದಲು ರಾಜಿಗೆ ಕೂರಿಸುತ್ತಾರೆ, ಕಾನೂನೇ ಹಾಗಿದೆ. ಅಲ್ಲಿ ಅವನು ನಿನಗಿಂತ ಚೆನ್ನಾಗಿ ಅಳುತ್ತಾನೆ, ಸಿದ್ಧವಾಗಿರು. ಬೇರೆ ಬೇರೆಯಾಗಿ ಮಾತಾಡಿಸಿ ಎಂದು ಕೇಳಿಕೋ.

ಕಾನೂನು ಸುಲಭದ ಭಾಗ. ಕಷ್ಟದ್ದು ನೀನು ಮಾರ್ಕೆಟ್ಟಿನ ಬಗ್ಗೆ ಬರೆದದ್ದು. ಬದನೆಕಾಯಿ ತಗೊಳ್ಳಲೋ ಹೀರೇಕಾಯಿ ತಗೊಳ್ಳಲೋ ಗೊತ್ತಾಗದೆ ತರಕಾರಿಯವಳ ಮುಂದೆ ನಿಂತೇಬಿಟ್ಟೆ, ನಗಬೇಡಿ ಎಂದಿದ್ದೀಯ. ನಗಲಿಲ್ಲ. ಏಳು ವರ್ಷ ನೀನು ಏನು ಬೇಕೆಂದು ಹೇಳುವ ಮೊದಲು ಅವನ ಮುಖ ನೋಡಿದವಳು. ಈಗ ಎದುರಿಗೆ ಆ ಮುಖವಿಲ್ಲ, ಯಾವ ಪಲ್ಯ ಇಷ್ಟ ಎಂಬುದೂ ತಿಳಿಯುತ್ತಿಲ್ಲ. ಅವನು ನಿನ್ನಿಂದ ಕಿತ್ತುಕೊಂಡದ್ದರಲ್ಲಿ ನನಗೆ ಒಡವೆಗಿಂತ ದೊಡ್ಡದಾಗಿ ಕಾಣುವುದು ಇದು. ದೊಡ್ಡ ದೊಡ್ಡ ನಿರ್ಧಾರಗಳಿಂದ ಅದು ವಾಪಸ್ ಬರುವುದಿಲ್ಲ. ಹೀರೇಕಾಯಿ ತಗೋ. ಚೆನ್ನಾಗಿಲ್ಲವೋ, ನಾಳೆ ಬದನೆಕಾಯಿ. ಅವನಿಗೆ ಆಗದು ಎಂದು ಪೆಟ್ಟಿಗೆಯ ತಳ ಸೇರಿಸಿದ ಆ ಗಿಣಿಹಸಿರು ಸೀರೆ ಉಡು. ಬೆಳಿಗ್ಗೆ ಕಾಫಿ ಕುಡಿಯುತ್ತ ಅರ್ಧ ಗಂಟೆ ಏನೂ ಮಾಡದೆ ಕೂರು, ಯಾರೂ ‘ಏನ್ ಕೂತಿದೀಯ’ ಎಂದು ಕೇಳುವುದಿಲ್ಲ. ಮೊದಲ ದಿನಗಳಲ್ಲಿ ಆ ಮೌನಕ್ಕೂ ಹೆದರಿಕೆಯಾಗುತ್ತದೆ, ಇದು ಯಾವ ಬಿರುಗಾಳಿಗೆ ಮುಂಚಿನದೋ ಎಂದು.

ಅಳು ಬಂದಾಗ ಅಳು. ಆದರೆ ನಿದ್ದೆ, ಊಟ, ದುಡ್ಡು, ಬಾಗಿಲ ಚಿಲಕ ಇವು ಗಟ್ಟಿಯಾದ ಮೇಲೆ ಹಳೆಯದನ್ನು ಕೆದಕು. ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲಿ ಬರೆದ ಪುಸ್ತಕದಲ್ಲಿ ಇದೇ ಕ್ರಮ ಹೇಳುತ್ತಾರೆ: ಮೊದಲು ಸುರಕ್ಷೆ, ಆಮೇಲೆ ನೆನಪು ಮತ್ತು ದುಃಖ, ಆಮೇಲೆ ಜನರ ನಡುವೆ ಮರಳುವುದು. ಕತ್ತಲು ತೀರಾ ದಟ್ಟವಾಯಿತು ಅನ್ನಿಸಿದರೆ ನನ್ನ ಫೋನಿಗೂ ಕಾಯಬೇಡ, 14416 ಟೆಲಿ ಮಾನಸ್ ಸಹಾಯವಾಣಿಗೆ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿಯೂ.

ಮತ್ತೆ ಆ ಮಾತು, ‘ಅವನು ಒಂದೇ ಒಂದ್ಸಲ, ಹೌದು ತಪ್ಪು ಮಾಡ್ದೆ ಅಂದ್ರೆ ಸಾಕು ಚಿಕ್ಕಮ್ಮಾ’. ಆ ಒಂದು ವಾಕ್ಯಕ್ಕಾಗಿ ಹತ್ತು ವರ್ಷ ಕೋರ್ಟಿಗೆ ಅಲೆದವರನ್ನು ಕಂಡಿದ್ದೇನೆ. ಡಿಕ್ರಿ ಸಿಕ್ಕಿತು, ವಾಕ್ಯ ಸಿಗಲಿಲ್ಲ. ಅವನು ಒಪ್ಪಿದರಷ್ಟೇ ನಡೆದದ್ದು ನಿಜ ಎಂದಾದರೆ, ನಿನ್ನ ಬದುಕಿಗೆ ಸಹಿ ಹಾಕುವವನು ಇನ್ನೂ ಅವನೇ. ನಾನು ನೋಡಿದ್ದೇನೆ, ಪುಟ್ಟ ನೋಡಿದ್ದಾನೆ, ಎಲ್ಲಕ್ಕಿಂತ ಮೊದಲು ನೀನು ನೋಡಿದ್ದೀಯ.

ಸೋಮವಾರ ಅರ್ಧ ದಿನ ರಜೆ ಹಾಕಿ ಬಾ. ಪಾಸ್‌ಬುಕ್, ಆಧಾರ್, ನಿನ್ನ ಹೆಸರಿನ ಹೊಸ ಸಿಮ್ ತಗೊಂಡು ಬಾ. ನಿನ್ನ ಸಂಬಳದ ಖಾತೆಯ ಒ.ಟಿ.ಪಿ. ಇನ್ನೂ ಅವನ ನಂಬರಿಗೇ ಹೋಗುತ್ತಿದೆ ಅಂದೆಯಲ್ಲ, ಮೊದಲು ಅದನ್ನು ಬದಲಿಸೋಣ. ಬ್ಯಾಂಕಿನಲ್ಲಿ ಹನ್ನೊಂದರ ನಂತರ ರಶ್ಶು, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿಬಿಡೋಣ.

ನಿನ್ನ ಚಿಕ್ಕಮ್ಮ